ತುಳು ಕನ್ನಡದ ಉಪಭಾಷೆಯೇ? ಸತ್ಯಾಂಶ ಇಲ್ಲಿದೆ

‘ತುಳು ಕನ್ನಡದ ಒಂದು ಉಪಭಾಷೆ; ಅದಕ್ಕೆ ಲಿಪಿಯೂ ಇಲ್ಲ, ಹಳೆಯ ಸಾಹಿತ್ಯವೂ ಇಲ್ಲ’ ಎಂಬ ಸಂದೇಶ ಕಾಸರಗೋಡಿನ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಹರಿದಾಡುತ್ತಿದೆ. ಈ ಮೂರು ಮಾತುಗಳೂ ತಪ್ಪು.

ತುಳು ದ್ರಾವಿಡ ಕುಟುಂಬದ ಸ್ವತಂತ್ರ ಭಾಷೆ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್ ಅದನ್ನು ಪ್ರತ್ಯೇಕ ಭಾಷೆಯೆಂದೇ ಪರಿಗಣಿಸಿದ್ದರು.

ಲಿಪಿಯ ವಿಚಾರದಲ್ಲಿ ಗೊಂದಲಕ್ಕೆ ಕಾರಣವಿದೆ. ದಕ್ಷಿಣ ಭಾರತದಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ಗ್ರಂಥಲಿಪಿಯಿಂದ ಬೆಳೆದು ಮಲಯಾಳ ಲಿಪಿಯನ್ನು ಹೋಲುವ ತುಳು-ತಿಗಳಾರಿ ಲಿಪಿಯಲ್ಲಿ ಕರಾವಳಿಯ ವಿದ್ವಾಂಸರು ಹೆಚ್ಚಾಗಿ ಬರೆದಿಟ್ಟದ್ದು ಸಂಸ್ಕೃತ ಗ್ರಂಥಗಳನ್ನು. ಹತ್ತೊಂಬತ್ತನೆಯ ಶತಮಾನದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ತುಳು ಪುಸ್ತಕಗಳನ್ನು ಕನ್ನಡ ಅಕ್ಷರಗಳಲ್ಲಿ ಅಚ್ಚು ಹಾಕಿಸಿದ ಮೇಲೆ ಆ ರೂಢಿಯೇ ಉಳಿದು, ಹಳೆಯ ಲಿಪಿ ಜನರ ಕಣ್ಣಿನಿಂದ ಮರೆಯಾಯಿತು. ಅದು ಇಲ್ಲವಾಗಲಿಲ್ಲ, 2024ರಲ್ಲಿ ಕಂಪ್ಯೂಟರ್ ಅಕ್ಷರಗಳ ಜಾಗತಿಕ ಮಾನದಂಡವಾದ ಯೂನಿಕೋಡ್‌ಗೂ ಸೇರಿತು.

ಪ್ರಾಚೀನ ಸಾಹಿತ್ಯಕ್ಕೆ ಸಾಕ್ಷ್ಯ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಕಾಸರಗೋಡಿನವರೇ ಆದ ವೆಂಕಟರಾಜ ಪುಣಿಂಚತ್ತಾಯರು ತಾಳೆಗರಿಗಳನ್ನು ಶ್ರದ್ಧೆಯಿಂದ ಓದಿ, ವಿಷ್ಣುತುಂಗ ಕವಿಯ ತುಳು ಮಹಾಕಾವ್ಯ ‘ಶ್ರೀ ಭಾಗವತೊ’ವನ್ನು ಬೆಳಕಿಗೆ ತಂದರು. ಅದು ಬಾಯಿಮಾತಿನಲ್ಲಿ ಉಳಿದುಬಂದ ಜನಪದ ಕಥನಗೀತೆಯಾದ ಪಾಡ್ದನವಲ್ಲ, ಕವಿಯೊಬ್ಬ ಕುಳಿತು ರಚಿಸಿದ ಲಿಖಿತ ಕಾವ್ಯ. ಕುಂಬಳೆ ಸಮೀಪದ ಅನಂತಪುರದಲ್ಲಿ ತುಳು ಶಾಸನವೂ ದೊರೆತಿದೆ.