ಮಾಮಾನ ಹವಳ ದರ್ಶನ

ಇಳಕಲ್‌ನಿಂದ ಮಾಮಾ ಮತ್ತು ಅತ್ತೆ ಬಂದಿದ್ದರು. ಗೋವಾಕ್ಕೆ ಬಂದವರು ಸುಮ್ನೆ ಬೀಚ್ ನೋಡಿಕೊಂಡು ಹೋಗುವ ಕಾಲ ಮುಗಿಯಿತು. ಈಗ ನೀರಿನ ದಂಡೆಯಲ್ಲಿದ್ದರೆ ಸಾಲದು, ತಳಕ್ಕೂ ಹೋಗಿ ಬರಬೇಕು.

"ಅಳಿಯಾ, ಸಮುದ್ರದಾಗ ಹವಳ ತೋರಸ್ತಾರಂತಲ್ಲ, ಬುಕ್ ಮಾಡು" ಅಂದರು ಮಾಮಾ. ಬೆರಳಲ್ಲಿ ಆಗಲೇ ಒಂದು ಹವಳ ಇತ್ತು. ಕುಜ ಸರಿ ಇಲ್ಲ ಅಂತ ಜೋಯಿಸರು ಹಾಕಿಸಿದ್ದು.

ಮುರ್ಡೇಶ್ವರದ ಎದುರಿಗೆ ನಮ್ಮದೇ ನೇತ್ರಾಣಿ ದ್ವೀಪ ಇದೆ, ಅಲ್ಲೂ ಹವಳ ಇದೆ ಎಂದು ಹೇಳಿ ನೋಡಿದೆ. "ಇರಲಿ ಬಿಡು, ಸ್ಟೇಟಸ್ಸಿನಾಗ ಗೋವಾ ಅಂತ ಬರಬೇಕು" ಅಂದರು.

ನಾವಿರುವುದು ವಾಸ್ಕೋದಲ್ಲಿ. ಹವಳ ತೋರಿಸುವ ಗ್ರ್ಯಾಂಡ್ ಐಲ್ಯಾಂಡ್ ಇರುವುದೂ ನಮ್ಮ ಮುರ್ಮುಗಾವ್ ಕಡೆಯ ಸಮುದ್ರದಲ್ಲೇ. ಆದರೆ ಪ್ಯಾಕೇಜಿಗೆ ಭೂಗೋಳ ಗೊತ್ತಿರಬೇಕಲ್ಲ. ಬೆಳಿಗ್ಗೆ 6ಕ್ಕೆ ಬಂದ ವ್ಯಾನು ಜುವಾರಿ ಸೇತುವೆ ದಾಟಿಸಿ, ಪಣಜಿ ಸುತ್ತಿಸಿ, ಮಾಂಡೋವಿಯನ್ನೂ ದಾಟಿಸಿ ನೆರೂಲ್ ದಡದಲ್ಲಿ ಇಳಿಸಿತು. ಅಲ್ಲಿಂದ ಬೋಟು ನಮ್ಮನ್ನು ವಾಪಸ್ ವಾಸ್ಕೋ ಕಡೆಗೇ ಕರೆದುಕೊಂಡು ಹೊರಟಿತು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದರು ಅನ್ನುತ್ತಾರೆ. ನಾವು ಕೊಂಕಣ ಸುತ್ತಿ ಕೊಂಕಣಕ್ಕೇ ಬಂದೆವು.

ದಾರಿಯಲ್ಲಿ ಡಾಲ್ಫಿನ್ ದರ್ಶನ. ಒಂದು ಬೆನ್ನು ಕಂಡಿತು, ಹತ್ತು ಬೋಟು ಅದರ ಹಿಂದೆ ಬಿದ್ದವು. ಆಮೇಲೆ ಬೆನ್ನು ಕಾಣಲಿಲ್ಲ.

ಬೋಟಿನಲ್ಲಿ ಒಂದು ಫಾರ್ಮ್ ಕೊಟ್ಟರು. ಬಿಪಿ ಇದೆಯಾ, ಉಬ್ಬಸ ಇದೆಯಾ, ಕಿವಿ ನೋವಿದೆಯಾ ಎಂದು ಇಂಗ್ಲಿಷಿನಲ್ಲಿ ಕೇಳಿದ್ದರು. ಮಾಮಾನಿಗೆ ಇರುವ ಎಲ್ಲ ರೋಗಗಳೂ ಆ ಒಂದು ಹಾಳೆಯಲ್ಲಿದ್ದವು. "ಎಲ್ಲಕ್ಕೂ ನೋ ಅಂತ ಬರೀರಿ ಅಂಕಲ್, ಟೈಮ್ ಇಲ್ಲ" ಅಂದ ಹುಡುಗ. 20 ವರ್ಷದಿಂದ ಡಾಕ್ಟರಿಗೆ ಆಗದ್ದು ಆ ಹುಡುಗನ ಪೆನ್ನಿನಿಂದ ಆಯಿತು.

ಆಮೇಲೆ ಎಲ್ಲರೂ ದೋಸೆ ಕಾವಲಿಗೆ ಎಣ್ಣೆ ಸವರಿದ ಹಾಗೆ ಮೈಗೆಲ್ಲ ಸನ್‌ಸ್ಕ್ರೀನ್ ಬಳಿದುಕೊಂಡರು. ಹವಳಕ್ಕೆ ಹಾನಿ ಅಂತ ಹವಾಯಿಯಲ್ಲಿ 2021ರಿಂದ ಕೆಲವು ಬಗೆಯ ಸನ್‌ಸ್ಕ್ರೀನ್ ಮಾರುವಂತೆಯೇ ಇಲ್ಲ. ಹವಾಯಿಯವರಿಗೆ ಬೇರೆ ಕೆಲಸ ಇಲ್ಲ, ಅಲ್ವಾ?

ಅತ್ತೆ ನೀರಿಗೆ ಇಳಿಯಲಿಲ್ಲ. ಬೇರೆಯವರ ಫೋನಿನಲ್ಲೇ ಹವಳ ನೋಡಿದರು. "ಇದೇನೋ, ಹವಳ ಅಂದರ ಕೆಂಪಗಿರಬೇಕಲ್ಲ? ಇದು ಕಂದಿದ ಹೂಕೋಸಿನಂಗ ಐತಿ." ಉಂಗುರದ ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದ್ದು, ಇದರ ಜಾತಿಯೇ ಬೇರೆ ಎಂದೆ. ಸಾಸಿವೆಯಷ್ಟು ಸಣ್ಣ ಪ್ರಾಣಿಗಳು ಸಾವಿರಗಟ್ಟಲೆ ಸೇರಿ ಸುಣ್ಣದ ಮನೆ ಕಟ್ಟಿಕೊಳ್ಳುತ್ತವೆ, ಅದೇ ಇದು ಎಂದೂ ವಿವರಿಸಿದೆ. ಮೊಟ್ಟೆಯನ್ನೂ ಮುಟ್ಟದ ಅತ್ತೆ ತಾಳಿಯ ಹವಳ ಹಿಡಿದುಕೊಂಡು "ಪ್ರಾಣಿನಾ?" ಅಂದರು. ಆಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಹುಲಿ ಇದೆ. 2001ರಿಂದ ಅದೇ ಪಟ್ಟಿಯಲ್ಲಿ ಹವಳವೂ ಇದೆ. ಬಂಡೀಪುರದಲ್ಲಿ ಹುಲಿ ಕಂಡರೆ ಜೀಪಿನಿಂದ ಕಾಲು ಕೆಳಗಿಡುವ ಹಾಗಿಲ್ಲ. ಇಲ್ಲಿ ಬೋಟುಗಳು ಹವಳದ ಮೇಲೆಯೇ ಲಂಗರು ಎಸೆಯುತ್ತವೆ. ದಣಿದವರು ರಬ್ಬರ್ ಕಾಲು ಹಾಕಿಕೊಂಡು ಅದರ ಮೇಲೆಯೇ ನಿಂತು ಸುಧಾರಿಸಿಕೊಳ್ಳುತ್ತಾರೆ. ಗುಂಡಗೆ ಬೆಳೆಯುವ ಜಾತಿಯ ಹವಳ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆದರೆ ಜಾಸ್ತಿ. ನಮ್ಮ ಪಕ್ಕದ ಬೋಟಿನವರೊಬ್ಬರು ಫೋಟೋ ಸರಿ ಬರಲಿಲ್ಲ ಅಂತ ಅದರ ಮೇಲೆ ಮೂರು ಸಲ ಹತ್ತಿದರು. ಹುಲಿಯ ಬೆನ್ನ ಮೇಲೆ ಹೀಗೆ ಮೂರು ಸಲ ಹತ್ತಿ ತೋರಿಸಲಿ, ನಾನೇ ಫೋಟೋ ತೆಗೆದುಕೊಡುತ್ತೇನೆ.

ಮೀನುಗಳು ತಾವಾಗಿಯೇ ಕ್ಯಾಮೆರಾ ಮುಂದೆ ಬರುವುದಿಲ್ಲ. ಅದಕ್ಕೆ ಬ್ರೆಡ್ಡು. ಹಳದಿ ಬೆನ್ನಿನ, ಕಪ್ಪು ಪಟ್ಟೆಯ ಮೀನುಗಳು ಮದುವೆ ಮನೆಯ ಮೊದಲ ಪಂಕ್ತಿಗೆ ನುಗ್ಗುವ ಹಾಗೆ ನುಗ್ಗಿದವು. ಎರಡು ನದಿಗಳ ಕೆಸರು ಬಂದು ಸೇರುವ ಸಮುದ್ರ ಇದು. ನೀರು ಪಾಲಕ್ ಸಾರಿನ ಹಾಗಿತ್ತು. ಮೀನು ಕಂಡಿತೋ ಬ್ರೆಡ್ಡು ಕಂಡಿತೋ, ಹೇಳುವುದು ಕಷ್ಟ.

ಮಾಮಾನ ಸರದಿ ಬಂತು. ತರಬೇತಿ ಹತ್ತು ನಿಮಿಷ. ಬಾಯಿಯಿಂದ ಉಸಿರಾಡಿ, ಕಿವಿ ನೊಂದರೆ ಮೂಗು ಒತ್ತಿ ಊದಿ. ಚೆನ್ನಾಗಿದೆ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಿ. ಹೆಬ್ಬೆರಳು ಎತ್ತಿದರೆ "ನನ್ನನ್ನು ಮೇಲಕ್ಕೆ ಕರೆದುಕೊಂಡು ಹೋಗು" ಅಂತ ಅರ್ಥ. ಮಾಮಾ ಎಲ್ಲ ತಿಳಿಯಿತು ಎಂದು ಹೆಬ್ಬೆರಳು ಎತ್ತಿ ತೋರಿಸಿದರು.

ಬೆಕ್ಕು ಮರಿಯನ್ನು ಕಚ್ಚಿಕೊಂಡು ಹೋಗುವ ಹಾಗೆ ಹುಡುಗ ಸಿಲಿಂಡರ್ ಹಿಡಿದು ಮಾಮಾನನ್ನು ಕೆಳಗೆ ಒಯ್ದ. ಎರಡು ನಿಮಿಷದಲ್ಲಿ ಇಬ್ಬರೂ ಮೇಲೆ ಬಂದರು. ಕೆಳಗೆ ಕ್ಯಾಮೆರಾ ಕಂಡಿದ್ದೇ ತಡ, ಮಾಮಾ ಹೆಬ್ಬೆರಳು ಎತ್ತಿದ್ದರು. ಮತ್ತೆ ಇಳಿಸಿದ. ಮತ್ತೆ ಕ್ಯಾಮೆರಾ, ಮತ್ತೆ ಹೆಬ್ಬೆರಳು, ಮತ್ತೆ ಮೇಲೆ. ಮೂರನೇ ಸಲ ಮೇಲೆ ಬಂದಾಗ 15 ನಿಮಿಷ ಮುಗಿದಿತ್ತು. "ಹವಳ ನೋಡಿದ್ರಾ?" ಅಂದೆ. "ವಿಡಿಯೋದಾಗ ನೋಡೂಣು" ಅಂದರು.

ವಿಡಿಯೋ ರಾತ್ರಿ ವಾಟ್ಸಾಪಿಗೆ ಬಂತು. ಮಾಸ್ಕು ಕಟ್ಟಿದ ಒಬ್ಬರು ಬ್ರೆಡ್ಡಿನ ಮೀನುಗಳ ನಡುವೆ ತೇಲುತ್ತಿದ್ದಾರೆ. ಕೈ ಎತ್ತಿ ತಪ್ಪಿಲ್ಲದೆ ಸೊನ್ನೆ ತೋರಿಸುತ್ತಿದ್ದಾರೆ. ಬೆರಳಲ್ಲಿ ಉಂಗುರ ಇಲ್ಲ.

"ಮಾಮಾ, ಇದು ನೀವಲ್ಲ" ಅಂದೆ.

"ಮಾಸ್ಕಿನೊಳಗ ಯಾರಿದ್ದರೇನೋ, ರೊಕ್ಕ ನಾನು ಕೊಟ್ಟೀನಿ" ಎಂದು ಸ್ಟೇಟಸ್ ಹಾಕಿಯೇಬಿಟ್ಟರು. ಮಲಗುವ ಹೊತ್ತಿಗೆ ಇಳಕಲ್‌ನಿಂದ ಒಂದರ ಹಿಂದೆ ಒಂದು ಹೆಬ್ಬೆರಳು ಬರುತ್ತಿತ್ತು.