ಗಟ್ಟಿಯಾಗಿ ಓದಿದರೆ ಸಾಕೆ?

ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಘೋಷಿಸಿದ್ದ ದಿನ, ಕೊಡಗಿನ ನಾಪೋಕ್ಲು ಬಳಿಯ ನಮ್ಮ ಮನೆಯಲ್ಲಿ ಎರಡನೇ ತರಗತಿಯ ಅಕ್ಕನ ಮಗಳು ಕನ್ನಡ ಪಾಠವೊಂದನ್ನು ಒಂದು ಒತ್ತಕ್ಷರವೂ ತಪ್ಪದಂತೆ ಗಟ್ಟಿಯಾಗಿ ಓದಿ ಮುಗಿಸಿದಳು. ಮೊಲ ಏಕೆ ಓಡಿಹೋಯಿತು ಎಂದು ಕೇಳಿದ್ದಕ್ಕೆ ತಾಯಿಯ ಮುಖ ನೋಡಿದಳು. ‘ಅದನ್ನೆಲ್ಲ ಮಿಸ್ಸು ಪ್ರಶ್ನೋತ್ತರ ಬರೆಸುವಾಗ ಹೇಳಿಕೊಡುತ್ತಾರೆ, ನೀನು ಅವಳ ತಲೆ ಕೆಡಿಸಬೇಡ’ ಎಂದಳು ಅಕ್ಕ.

ನಾನಿರುವ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮಗನ ಶಾಲಾಚೀಲದಲ್ಲಿ ತೆಳ್ಳನೆಯ ಕಥೆಪುಸ್ತಕವೊಂದು, ಅದರೊಂದಿಗೆ ಒಂದು ನೋಟ್‌ಬುಕ್ ಮನೆಗೆ ಬರುತ್ತವೆ. ಎಷ್ಟು ಪುಟ ಓದಿದ, ಎಲ್ಲಿ ತಡವರಿಸಿದ, ಯಾವುದಕ್ಕೆ ನಕ್ಕ ಎಂಬುದನ್ನು ಅದರಲ್ಲಿ ಬರೆದು ನಾವು ಸಹಿ ಹಾಕಬೇಕು. ತಡವರಿಸಿದ ಕೂಡಲೇ ಬಾಯಿ ಹಾಕದೆ, ಅಕ್ಷರಗಳ ಧ್ವನಿಯನ್ನು ಮಗುವೇ ಕೂಡಿಸಿಕೊಳ್ಳುವವರೆಗೆ ಕಾಯಬೇಕು. ಪುಟ ತಿರುವುವ ಮುನ್ನ, ಮುಂದೇನಾದೀತು ಎಂದು ಕೇಳಬೇಕು. ಮಗು ಓದಲು ಕಲಿತ ಮೇಲೂ ದೊಡ್ಡವರು ಓದಿ ಹೇಳುವುದು ನಿಲ್ಲುವುದಿಲ್ಲ, ಏಕೆಂದರೆ ಈ ವಯಸ್ಸಿನಲ್ಲಿ ಮಗು ಕೇಳಿ ತಿಳಿಯಬಲ್ಲ ಕಥೆ ಅದು ತಾನೇ ಓದಬಲ್ಲ ಕಥೆಗಿಂತ ಬಹಳ ಮುಂದಿರುತ್ತದೆ.

ನಮ್ಮಲ್ಲಿ ಓದು ಎಂದರೆ ಒಪ್ಪಿಸುವುದು. ಇದಕ್ಕೆ ನಮ್ಮ ಲಿಪಿಯೂ ಒಂದು ಕಾರಣವಿರಬೇಕು: ಕಾಗುಣಿತ, ಒತ್ತಕ್ಷರಗಳು ಕೈವಶವಾಗಲು ವರ್ಷಗಳೇ ಹಿಡಿಯುತ್ತವೆ, ಆದರೆ ಒಮ್ಮೆ ಕೈವಶವಾದರೆ ಅರ್ಥ ತಿಳಿಯದ ಪುಟವನ್ನೂ ನಿರರ್ಗಳವಾಗಿ ಓದಿಬಿಡಬಹುದು. ಆ ನಿರರ್ಗಳತೆ ಕಂಡು ಹಿರಿಯರು ತೃಪ್ತರಾಗುತ್ತಾರೆ. ರಾಜ್ಯ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ 2020ರಲ್ಲಿ ಆರಂಭವಾದಾಗಿನಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಕಾಫಿಗೆ ಒಳ್ಳೆಯ ದರ ಬಂದ ವರ್ಷ ಟ್ಯೂಷನ್ನಿಗೆ ಧಾರಾಳವಾಗಿ ಖರ್ಚು ಮಾಡುವ ನಮ್ಮ ಬಂಧುಗಳಲ್ಲಿ ಒಬ್ಬರಾದರೂ ಆ ಕಾರ್ಡು ಮಾಡಿಸಿದ್ದನ್ನು ನಾನು ಕಂಡಿಲ್ಲ. ಶಾಲೆಯ ಪಠ್ಯದ ಹೊರತು ಮಕ್ಕಳ ಕೈಗೆ ಸಿಗುವ ಪುಸ್ತಕ ಆ ಮನೆಗಳಲ್ಲಿ ಹುಡುಕಿದರೂ ಇಲ್ಲ.

ಇಂಗ್ಲೆಂಡಿನಲ್ಲಿಯೂ ಎಲ್ಲವೂ ಸರಿಯಿದೆ ಎಂದೇನಲ್ಲ. 2012ರಿಂದ ಅಲ್ಲಿ ಒಂದನೇ ತರಗತಿಯ ಮಕ್ಕಳಿಗೆ 40 ಪದಗಳನ್ನು ಓದಿಸುವ ಪರೀಕ್ಷೆಯೊಂದಿದೆ. ಅದರಲ್ಲಿ 20 ಪದಗಳು ಅರ್ಥವೇ ಇಲ್ಲದವು, ಧ್ವನಿ ಕೂಡಿಸಲು ಬರುತ್ತದೆಯೇ ಎಂದು ನೋಡಲೆಂದೇ ಕಟ್ಟಿದವು. ಅಂಥ ಪದಗಳ ಪಟ್ಟಿ ಹಿಡಿದು ಮನೆಯಲ್ಲಿ ಮಕ್ಕಳ ಬೆನ್ನು ಹತ್ತುವ ತಾಯ್ತಂದೆಯರನ್ನು ಅಲ್ಲಿಯೂ ನೋಡಿದ್ದೇನೆ.

ಇನ್ನೊಂದನ್ನೂ ಒಪ್ಪಲೇಬೇಕು. ನಮ್ಮ ಮನೆಮಾತು ಅರೆಭಾಷೆ, ಪಕ್ಕದ ಮನೆಯವರದು ಕೊಡವ ತಕ್ಕ್. ಪುಸ್ತಕದ ಕನ್ನಡ ಇಲ್ಲಿನ ಎಷ್ಟೋ ಮಕ್ಕಳಿಗೆ ಶಾಲೆಯಲ್ಲಿಯೇ ಮೊದಲು ಎದುರಾಗುವುದು; ಮನೆಯಲ್ಲಿ ಆಡುವ ಇಂಗ್ಲಿಷನ್ನೇ ಪುಸ್ತಕದಲ್ಲೂ ಕಾಣುವ ಲೀಡ್ಸ್‌ನ ಮಕ್ಕಳ ಜೊತೆ ಇವರನ್ನು ತೂಗಿ ನೋಡುವುದು ನ್ಯಾಯವಲ್ಲ. ಹಾಗಿದ್ದರೂ ಪಾಠದ ಬಗ್ಗೆ ಮನೆಮಾತಿನಲ್ಲಿಯೇ ಕೇಳಿ, ಉತ್ತರವನ್ನೂ ಅದರಲ್ಲಿಯೇ ಹೇಳಲು ಬಿಟ್ಟು, ಆಮೇಲೆ ಅದನ್ನೇ ಕನ್ನಡದಲ್ಲಿ ಹೇಳಿಸುವುದಕ್ಕೆ ಮಿಸ್ಸು ಬರುವವರೆಗೆ ಕಾಯಬೇಕಾಗಿಲ್ಲ.