ಆಯುಷ್ಮಾನ್ ಕಾರ್ಡ್ ಇದೆ, ಶುಗರ್ ನೋಡೋ ಡಾಕ್ಟ್ರು ಎಲ್ಲಿ?

ನಮ್ಮೂರಿನ ವಾಟ್ಸಾಪ್ ಗ್ರೂಪಿನಲ್ಲಿ ಆಗಾಗ ಈ ಪ್ರಶ್ನೆ ಬರುತ್ತಲೇ ಇರುತ್ತದೆ. "ಹತ್ತಿರದಲ್ಲಿ ಆಯುಷ್ಮಾನ್ ಕಾರ್ಡ್ ತಗೊಳ್ಳೋ ಒಳ್ಳೆ ಫಿಸಿಷಿಯನ್ ಯಾರಾದ್ರೂ ಇದ್ದಾರಾ?" ಕೇಳುವವರ ಮನೆಯಲ್ಲಿ ಅಪ್ಪನಿಗೋ ಅಮ್ಮನಿಗೋ ಶುಗರ್, ಬಿಪಿ ಇರುತ್ತದೆ. ಯಾರೋ ಒಂದೆರಡು ಆಸ್ಪತ್ರೆ ಹೆಸರು ಹೇಳುತ್ತಾರೆ. ಇವರು ಬಸ್ ಹತ್ತಿ ಹೋಗುತ್ತಾರೆ. ರಿಸೆಪ್ಷನ್‌ನಲ್ಲಿ ಕಾರ್ಡ್ ಕೊಟ್ಟರೆ "ಅಡ್ಮಿಟ್ ಆದ್ರೆ ಮಾತ್ರ ಇದು, ಓಪಿಡಿಗೆ ನಡೆಯಲ್ಲ" ಅನ್ನುತ್ತಾರೆ. ಕೈಯಲ್ಲಿ ದುಡ್ಡಿದ್ದವರು ಫೀಸ್ ಕಟ್ಟಿ ತೋರಿಸಿಕೊಳ್ಳುತ್ತಾರೆ. ಇಲ್ಲದವರು "ಮುಂದಿನ ತಿಂಗಳು ನೋಡೋಣ" ಅಂತ ವಾಪಸ್ ಬರುತ್ತಾರೆ. ನನಗೆ ಚಿಂತೆ ಇರೋದು ಈ ವಾಪಸ್ ಬರುವವರ ಬಗ್ಗೆ.

ರಿಸೆಪ್ಷನ್ ಹುಡುಗಿ ಜೊತೆ ಜಗಳ ಆಡಬೇಡಿ. ಅವಳು ಹೇಳುತ್ತಿರೋದು ನಿಜ. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಆರೋಗ್ಯ ಕರ್ನಾಟಕ ಶುರು ಮಾಡಿತು. ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ್ ಬಂದು ಎರಡೂ ಒಂದಾದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದಲ್ಲಿ ಶೇ. 30ರಷ್ಟನ್ನು ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ಎಲ್ಲ ಲೆಕ್ಕವೂ ಪ್ಯಾಕೇಜ್ ಮೇಲೆ. ಆಂಜಿಯೋಪ್ಲಾಸ್ಟಿಗೆ ಇಷ್ಟು, ಕೀಮೋಗೆ ಇಷ್ಟು, ಡಯಾಲಿಸಿಸ್‌ಗೆ ಇಷ್ಟು. ಡಾಕ್ಟ್ರು ಎದುರಿಗೆ ಕೂರಿಸಿಕೊಂಡು, ರಿಪೋರ್ಟ್ ತಿರುವಿ ಹಾಕಿ, ಒಂದು ಮಾತ್ರೆ ಕಮ್ಮಿ ಮಾಡಿ ಇನ್ನೊಂದು ಬರೆದುಕೊಡುವ ಆ ಹತ್ತು ನಿಮಿಷಕ್ಕೆ ಪ್ಯಾಕೇಜ್ ಇಲ್ಲ.

ನಾನು ಒಪ್ಪದೇ ಇರೋದು ಇದನ್ನೇ. ಶುಗರ್ ಹಿಡಿತಕ್ಕೆ ಬಾರದೆ ಕಿಡ್ನಿ ಹೋದರೆ ಸರ್ಕಾರ ಡಯಾಲಿಸಿಸ್‌ಗೆ ದುಡ್ಡು ಕೊಡುತ್ತದೆ. ಬಿಪಿ ಏರಿ ಹಾರ್ಟ್ ಅಟ್ಯಾಕ್ ಆದರೆ ಸ್ಟೆಂಟ್‌ಗೆ ಕೊಡುತ್ತದೆ. ಕೊಡಲೇಬೇಕು, ಅದರಿಂದ ಎಷ್ಟೋ ಮನೆಗಳು ಉಳಿದಿವೆ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಎದೆನೋವು ಅಂತ ತಾಲ್ಲೂಕು ಆಸ್ಪತ್ರೆಗೆ ಓಡಿ ಬಂದವರಿಗೆ ಅಲ್ಲೇ ಇಸಿಜಿ ತೆಗೆದು, ಬೇಕಾದರೆ ಸಾವಿರಾರು ರೂಪಾಯಿಯ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ನಾನು ಅದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಆ ಎದೆನೋವು ಬಾರದ ಹಾಗೆ ಹತ್ತು ವರ್ಷ ನೋಡಿಕೊಳ್ಳಬೇಕಾದ ಡಾಕ್ಟ್ರ ಹತ್ತಿರ ಹೋಗೋಕೆ ಜನ ಕೈಯಿಂದಲೇ ದುಡ್ಡು ಹಾಕಬೇಕು. ಒಂದು ಸಲದ ಫೀಸ್ ದೊಡ್ಡದಲ್ಲ ಅನ್ನಿಸಬಹುದು. ಫೀಸ್, ರಕ್ತ ಪರೀಕ್ಷೆ, ತಿಂಗಳ ಮಾತ್ರೆ, ಹೋಗಿಬರೋ ಖರ್ಚು, ಜೊತೆಗೆ ಬಂದವರ ಕೂಲಿ. ಕೂಡಿಸಿ ನೋಡಿ. ಇದು ಒಂದು ತಿಂಗಳ ಮಾತಲ್ಲ, ಬದುಕಿರುವಷ್ಟು ದಿನವೂ ಇರುತ್ತದೆ.

ಹಾಗಾದರೆ ಹತ್ತಿರದ ಫಿಸಿಷಿಯನ್ ಎಲ್ಲಿ ಸಿಗುತ್ತಾರೆ? ತಾಲ್ಲೂಕು ಆಸ್ಪತ್ರೆಯಲ್ಲಿ. ಇದನ್ನು ಹೇಳಿದರೆ ಮುಖ ಸಿಂಡರಿಸುವವರು ಜಾಸ್ತಿ. ನನ್ನ ಅಮ್ಮನನ್ನು ನಾನು ತೋರಿಸೋದು ಅಲ್ಲೇ. ಸೋಮವಾರ ಮಾತ್ರ ಹೋಗಬೇಡಿ, ಭಾನುವಾರದ ರಶ್ಶೂ ಸೇರಿಕೊಂಡಿರುತ್ತದೆ. ಚೀಟಿ ಮಾಡಿಸೋಕೆ ಹತ್ತಿಪ್ಪತ್ತು ರೂಪಾಯಿ. ಜನರಲ್ ಮೆಡಿಸಿನ್ ಕೋಣೆ ಮುಂದೆ ಬೆಂಚು ತುಂಬಿ ಗೋಡೆಗೆ ಒರಗಿ ನಿಂತಿರುತ್ತಾರೆ. ಎಲ್ಲರ ಕೈಯಲ್ಲೂ ಒಂದು ಪ್ಲಾಸ್ಟಿಕ್ ಕವರ್, ಅದರೊಳಗೆ ವರ್ಷಗಟ್ಟಲೆಯ ಚೀಟಿಗಳು, ಮಡಿಸಿದ ಕಡೆ ಹರಿದು ಹೋದವು. ಒಳಗಿದ್ದ ಎಂಡಿ ಡಾಕ್ಟ್ರು ಅಮ್ಮನ ಚಪ್ಪಲಿ ಬಿಚ್ಚಿಸಿ ಪಾದ ಮುಟ್ಟಿ ನೋಡಿದರು. ಬೆರಳ ಸಂದಿ ನೋಡಿದರು. "ಇಲ್ಲಿ ಮುಟ್ಟಿದ್ದು ಗೊತ್ತಾಗುತ್ತಾ ಅಮ್ಮ?" ಅಂತ ಕಣ್ಣು ಮುಚ್ಚಿಸಿ ಕೇಳಿದರು. ಆಮೇಲೆ, ಮೊಣಕಾಲು ನೋವಿಗೆ ಏನು ತಗೊಳ್ತೀರಿ ಅಂತ ಕೇಳಿದರು. ಅಮ್ಮ ಮೆಡಿಕಲ್ ಶಾಪಿಂದ ತಂದು ನುಂಗುತ್ತಿದ್ದ ನೋವಿನ ಮಾತ್ರೆಯ ಸ್ಟ್ರಿಪ್ ತೆಗೆದು ತೋರಿಸಿದಳು. ಅದನ್ನು ಅವತ್ತೇ ನಿಲ್ಲಿಸಿ, ಶುಗರ್ ಇರುವವರಿಗೆ ಇದು ಕಿಡ್ನಿಗೆ ಪೆಟ್ಟು ಅಂತ ಹೇಳಿ, ಕ್ರಿಯಾಟಿನಿನ್ ಪರೀಕ್ಷೆ ಬರೆದರು. ಹಿಂದೆ ಸಂಜೆ ಹೊತ್ತು ಫೀಸ್ ಕಟ್ಟಿ ತೋರಿಸುತ್ತಿದ್ದ ಕಡೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಇಷ್ಟೆಲ್ಲ ಬರೆದಿದ್ದು ಯಾಕೆಂದರೆ ಫಿಸಿಷಿಯನ್ ಮಾಡುವ ಕೆಲಸ ಇದೇ. ಒಬ್ಬ ಮನುಷ್ಯನಲ್ಲಿ ಶುಗರ್, ಬಿಪಿ, ಥೈರಾಯ್ಡ್, ಕಾಲು ಊತ, ನಿದ್ದೆ ಬಾರದಿರೋದು ಎಲ್ಲ ಒಟ್ಟಿಗೆ ಇರುತ್ತವೆ. ಒಬ್ಬರು ಕೂತು ಎಲ್ಲವನ್ನೂ ಸೇರಿಸಿ ನೋಡಬೇಕು. ಇಲ್ಲದಿದ್ದರೆ ಒಂದೊಂದಕ್ಕೆ ಒಂದೊಂದು ಕಡೆ ಓಡಿ, ಮಾತ್ರೆ ಡಬ್ಬ ತುಂಬುತ್ತದೆ.

ಹೋಗುವವರಿಗೆ ಒಂದೆರಡು ಮಾತು. ಹಳೇ ಚೀಟಿ ಎಲ್ಲ ತಗೊಂಡು ಹೋಗಿ, ತಿನ್ನುತ್ತಿರೋ ಮಾತ್ರೆಗಳ ಪಟ್ಟಿಯನ್ನೂ. ಎನ್‌ಸಿಡಿ ಕ್ಲಿನಿಕ್, ಅಂದರೆ ಶುಗರ್, ಬಿಪಿಯಂಥ ಅಂಟದ ಕಾಯಿಲೆಗಳನ್ನು ನೋಡುವ ವಿಭಾಗ, ಎಲ್ಲಿದೆ ಅಂತ ಕೇಳಿ. ಅಲ್ಲಿ ಹೆಸರು ಬರೆಸಿದರೆ ಶುಗರ್, ಬಿಪಿ ಮಾತ್ರೆ ಅಲ್ಲೇ ಕೊಡುತ್ತಾರೆ. ದೊಡ್ಡ ಆಸ್ಪತ್ರೆಗೆ ಹೋಗಬೇಕು ಅಂತ ಡಾಕ್ಟ್ರು ಹೇಳಿದರೆ ರೆಫರಲ್ ಚೀಟಿ ಕೈಗೆ ಬರುವ ತನಕ ಅಲ್ಲಿಂದ ಏಳಬೇಡಿ, ಸಹಿ, ಸೀಲು ನೋಡಿಕೊಳ್ಳಿ. ಮುಂಚೆಯೇ ಗೊತ್ತಿರುವ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಯಲ್ಲಿ ನಿಮ್ಮ ಕಾರ್ಡ್ ನಡೆಯಬೇಕಾದರೆ ಅದು ಬೇಕಾಗುತ್ತದೆ. ಎಮರ್ಜೆನ್ಸಿಗೆ ಬೇಡ, ಸೀದಾ ಹೋಗಬಹುದು. ಆ ಆಸ್ಪತ್ರೆಯಲ್ಲಿ ಕಾರ್ಡಿನವರಿಗೆ ಸಹಾಯ ಮಾಡೋಕೆ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ದುಡ್ಡಿನ ಮಾತಿಗೆ ಮುಂಚೆ ಅವರನ್ನು ಹುಡುಕಿ. ಜಿಲ್ಲಾ ಕೇಂದ್ರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿದ್ದರೆ ಇನ್ನೂ ಒಳ್ಳೆಯದು. ಮೆಡಿಸಿನ್ ವಿಭಾಗದಲ್ಲಿ ಒಬ್ಬರಲ್ಲ, ಹಲವರು ಇರುತ್ತಾರೆ.

ಮನೆಯಲ್ಲಿ ಯಾರಿಗಾದರೂ ಸಂಬಳದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಟ್ಟಾಗುತ್ತಿದ್ದರೆ ದಯವಿಟ್ಟು ಅದನ್ನು ಬಳಸಿ. ತಿಂಗಳಿಗೆ 21,000 ರೂಪಾಯಿ ತನಕ ಸಂಬಳ ಇರುವವರಿಗೆ ಇದು. ಸಂಬಳದಲ್ಲಿ ಶೇ. 0.75 ನಿಮ್ಮದು, ಶೇ. 3.25 ಮಾಲೀಕರದ್ದು. ಓಪಿಡಿ, ಮಾತ್ರೆ, ಪರೀಕ್ಷೆ ಎಲ್ಲ ಬರುತ್ತದೆ. ನಿಮ್ಮನ್ನೇ ನಂಬಿಕೊಂಡಿರುವ ಅಪ್ಪ ಅಮ್ಮನಿಗೂ ಬರುತ್ತದೆ. ಗಾರ್ಮೆಂಟ್ಸ್‌ಗೆ ಹೋಗುವ ಎಷ್ಟೋ ಹೆಣ್ಣುಮಕ್ಕಳು ಪ್ರತಿ ತಿಂಗಳು ಕಟ್ಟುತ್ತಲೇ ಇದ್ದಾರೆ, ಒಂದು ದಿನವೂ ಡಿಸ್ಪೆನ್ಸರಿ ಮೆಟ್ಟಿಲು ಹತ್ತಿಲ್ಲ. ರಜೆ ಸಿಗಲ್ಲ, ಕ್ಯೂ ಉದ್ದ, ಯಾರೂ ಹೇಳಿಕೊಟ್ಟಿಲ್ಲ. ಕಾರಣ ಎಲ್ಲ ಸರಿ. ಆದರೂ ನಿಮ್ಮ ದುಡ್ಡು ಅದು.

ಪಟ್ಟಣಗಳಲ್ಲಿ ಸರ್ಕಾರದ "ನಮ್ಮ ಕ್ಲಿನಿಕ್"ಗಳೂ ಇವೆ. ಅಲ್ಲಿ ಎಂಬಿಬಿಎಸ್ ಡಾಕ್ಟ್ರು ಇರುತ್ತಾರೆ, ಬಿಪಿ ನೋಡಿಸಿ ಮಾತ್ರೆ ತರೋಕೆ ಸಾಕು. ಆದರೆ ಎಷ್ಟೋ ಕಡೆ ಮಾಡುವ ಹಾಗೆ ಸಂಜೆ ನಾಲ್ಕೂವರೆಗೆ ಬಾಗಿಲು ಹಾಕಿದರೆ ಕೂಲಿಗೆ ಹೋದವರು ಯಾವಾಗ ತೋರಿಸಿಕೊಳ್ಳಬೇಕು?

ಸರ್ಕಾರವೇ ಗೃಹ ಆರೋಗ್ಯ ಅಂತ ಮನೆಮನೆಗೆ ಜನ ಕಳಿಸಿ ಶುಗರ್, ಬಿಪಿ ಅಳೆಯುತ್ತಿದೆ. ಬಹಳ ಒಳ್ಳೆ ಕೆಲಸ. ಇದೆ ಅಂತ ಗೊತ್ತಾದ ಮೇಲೆ ಆ ಮನುಷ್ಯ ಯಾರ ಹತ್ತಿರ ಹೋಗಬೇಕು? ತಾಲ್ಲೂಕು ಆಸ್ಪತ್ರೆಯ ಫಿಸಿಷಿಯನ್ ಒಬ್ಬರೇ. ಅವರೇ ವಾರ್ಡ್ ನೋಡಬೇಕು, ಅವರೇ ವಿಷ ಕುಡಿದವರನ್ನು, ಹಾವು ಕಚ್ಚಿದವರನ್ನು ನೋಡಬೇಕು, ಮೀಟಿಂಗ್‌ಗೂ ಅವರೇ ಹೋಗಬೇಕು. ವರ್ಗಾವಣೆಯಾದರೆ ಕುರ್ಚಿ ಖಾಲಿ.

ನಾನು ಕೇಳೋದು ದೊಡ್ಡದೇನಲ್ಲ. ಶುಗರ್, ಬಿಪಿ ಇದೆ ಅಂತ ದಾಖಲಾದ ಬಿಪಿಎಲ್ ಕಾರ್ಡಿನವರಿಗೆ ಮೂರು ತಿಂಗಳಿಗೊಮ್ಮೆ, ಅಂದರೆ ವರ್ಷಕ್ಕೆ ನಾಲ್ಕು ಸಲ, ಊರಿನ ಖಾಸಗಿ ಫಿಸಿಷಿಯನ್ ಹತ್ತಿರ ಕಾರ್ಡ್ ಮೇಲೆ ತೋರಿಸಿಕೊಳ್ಳೋಕೆ ಬಿಡಿ. ಜೊತೆಗೆ ವರ್ಷಕ್ಕೊಮ್ಮೆ ಕಿಡ್ನಿ, ಕಣ್ಣಿನ ಪರೀಕ್ಷೆ. ಇದು ಹೊಸ ಯೋಚನೆಯೂ ಅಲ್ಲ. ಇಎಸ್‌ಐನಲ್ಲಿ ಪ್ಯಾನೆಲ್ ಡಾಕ್ಟರ್ ಪದ್ಧತಿ ಇದೆ, ತಮ್ಮ ಪಟ್ಟಿಯಲ್ಲಿರುವ ಒಬ್ಬೊಬ್ಬರಿಗೆ ವರ್ಷಕ್ಕೆ ಇಷ್ಟು ಅಂತ ಡಾಕ್ಟ್ರಿಗೆ ದುಡ್ಡು ಹೋಗುತ್ತದೆ. ಖಾಸಗಿ ಡಾಕ್ಟ್ರು ಒಪ್ಪಲ್ಲ ಅನ್ನುವವರು ಇದ್ದಾರೆ. ದರ ತೀರಾ ಕಮ್ಮಿ ಇಟ್ಟು, ಬಿಲ್ ತಿಂಗಳುಗಟ್ಟಲೆ ಬಾಕಿ ಉಳಿಸಿದರೆ ಯಾರು ಒಪ್ಪುತ್ತಾರೆ? ಸರಿಯಾದ ದರ, ಹೇಳಿದ ದಿನಕ್ಕೆ ದುಡ್ಡು. ಅಷ್ಟಾದರೆ ಸಂಜೆ ಹೊತ್ತು ನೋಡೋಕೆ ತಯಾರಿರುವ ಡಾಕ್ಟ್ರು ಪ್ರತಿ ಪಟ್ಟಣದಲ್ಲೂ ಸಿಗುತ್ತಾರೆ ಅಂತ ನನ್ನ ನಂಬಿಕೆ.

ಅಲ್ಲಿಯ ತನಕ ನಮ್ಮ ಕೈಲಾಗೋದು ಒಂದಿದೆ. ತಾಲ್ಲೂಕು ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ, ಶಾಸಕರೇ ಅಧ್ಯಕ್ಷರು. ನಿಮ್ಮ ಆಸ್ಪತ್ರೆಯಲ್ಲಿ ಫಿಸಿಷಿಯನ್ ಹುದ್ದೆ ಖಾಲಿ ಇದ್ದರೆ ಅವರಿಗೆ ಬರವಣಿಗೆಯಲ್ಲಿ ಕೊಡಿ, ಹಿಂಬರಹ ಕೇಳಿ ಪಡೆಯಿರಿ. ನಿಮ್ಮ ತಾಲ್ಲೂಕಿನಲ್ಲಿ ಫಿಸಿಷಿಯನ್ ಇದ್ದಾರಾ, ವಾರದಲ್ಲಿ ಯಾವ ದಿನ ಸಿಗುತ್ತಾರೆ, ಮಾತ್ರೆ ಸಿಗುತ್ತಿದೆಯಾ ಅಂತ ಇಲ್ಲಿ ಕೆಳಗೆ ಬರೆಯಿರಿ. ತಾಲ್ಲೂಕಿನ ಹೆಸರು ಹಾಕಿದರೆ ಸಾಕು, ಪಟ್ಟಿ ಮಾಡಿ ಹಾಕುವ ಕೆಲಸ ನಾನು ಮಾಡುತ್ತೇನೆ.